ಚಿಲಕ ಬಿದ್ದ ಬಾಗಿಲು



ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಬೇಕು ಎಂಬುದು ಈ ಉಪನ್ಯಾಸದ ದತ್ತಿಯ ಆಶಯ. ಮೂರು ದಶಕ ಜೀವರಸಾಯನಶಾಸ್ತ್ರ ಪಾಠ ಮಾಡಿದ ನನಗೆ ಇದು ಸಂತೋಷದ ಕೆಲಸ. ನಾನು ಆರಿಸಿಕೊಂಡ ವಿಷಯಕ್ಕೆ ದೊಡ್ಡ ಹೆಸರಿದೆ: ಮೈಟೋಕಾಂಡ್ರಿಯದ ವೈಫಲ್ಯ ಮತ್ತು ನರರೋಗ. ಆದರೆ ಆ ಹೆಸರಿನಿಂದ ಶುರು ಮಾಡುವುದಿಲ್ಲ. ಒಂದು ಬೇಳೆಯಿಂದ ಶುರು ಮಾಡುತ್ತೇನೆ.

ಕೇಸರಿ ಬೇಳೆ ಎಂಬ ಹೆಸರು ನಮ್ಮಲ್ಲಿ ಬಹಳ ಜನರಿಗೆ ಶಾಲೆಯ ಪುಸ್ತಕದ ಕಲಬೆರಕೆಯ ಪಾಠದಿಂದ ಗೊತ್ತು. ಹಾಲಿಗೆ ನೀರು, ಕರಿಮೆಣಸಿಗೆ ಪಪ್ಪಾಯಿ ಬೀಜ, ತೊಗರಿ ಬೇಳೆಗೆ ಕೇಸರಿ ಬೇಳೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದು ಮರೆತುಬಿಡುವ ಸಾಲು ಅದು. ಉತ್ತರ ಭಾರತದ ಖೇಸಾರಿ ಅಥವಾ ತಿವಡಾ ಇದೇ. ಮಳೆ ಕೈಕೊಟ್ಟರೂ ಬೆಳೆಯುತ್ತದೆ, ಹೊಲದಲ್ಲಿ ನೀರು ನಿಂತರೂ ಬೆಳೆಯುತ್ತದೆ. ಭತ್ತದ ಕೊಯ್ಲಿಗೆ ಮುಂಚೆಯೇ ಒದ್ದೆ ಗದ್ದೆಯಲ್ಲಿ ಕಾಳು ಎರಚಿ ಬಂದರೆ ಸಾಕು, ಉಳುಮೆಯೂ ಬೇಡ. ಬೇರೆ ಬೆಳೆಗಳೆಲ್ಲ ಕೈಬಿಟ್ಟ ವರ್ಷ ಬಡವನ ಕೈಹಿಡಿಯುವ ಕಾಳು ಇದೊಂದೇ. ಅದನ್ನೇ ಊಟವಾಗಿ ಎರಡು ಮೂರು ತಿಂಗಳು ತಿಂದರೆ ಕಾಲು ಹೋಗುತ್ತದೆ.

ಮಧ್ಯಭಾರತದ ಸಾಗರ್ ಸೀಮೆಯಲ್ಲಿದ್ದ ವಿಲಿಯಂ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿ 1844ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಇದನ್ನು ಕಂಡಂತೆ ಬರೆದಿದ್ದಾನೆ. 1829ರಲ್ಲಿ ಆಲಿಕಲ್ಲು ಬಿದ್ದು ಗೋಧಿ ಹೋಯಿತು. ಮರುವರ್ಷ ಮಳೆ ಸಾಲಲಿಲ್ಲ. ಅದರ ಮರುವರ್ಷ ಬೆಳೆಗೆ ರೋಗ ಬಂತು. ಮೂರು ವರ್ಷವೂ ಉಳಿದದ್ದು ಈ ಕಾಳು. ಜನ ಅದನ್ನು ತಿಂದು ಬದುಕಿದರು. 1833ರಲ್ಲಿ ಮೂವತ್ತರೊಳಗಿನ ಯುವಜನ ಒಬ್ಬರಾದ ಮೇಲೊಬ್ಬರಂತೆ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಹಸಿವು ತೀರಿಸಿದ ಅನ್ನವೇ ಒಳಗೆ ಸದ್ದಿಲ್ಲದೆ ಕೆಲಸ ಮಾಡಿತ್ತು.

ಲ್ಯಾಥಿರಿಸಂ ಎನ್ನುವ ಈ ಕಾಯಿಲೆಯನ್ನು ವೈದ್ಯರು ಕೋಲುಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಕೋಲಿಲ್ಲದೆ ನಡೆಯುವ ಹಂತ, ಒಂಟಿ ಕೋಲಿನ ಹಂತ, ಜೋಡಿ ಕೋಲಿನ ಹಂತ, ಕೊನೆಗೆ ತೆವಳುವ ಹಂತ. ಕಾಲಿನ ಸ್ನಾಯು ಸೆಟೆದುಕೊಂಡು ತೊಡೆಗಳು ಒಂದಕ್ಕೊಂದು ಅಡ್ಡಬರುತ್ತವೆ, ಹೆಜ್ಜೆ ಕತ್ತರಿಯಂತೆ ಹೆಣೆದುಕೊಳ್ಳುತ್ತದೆ. ಬುದ್ಧಿಗೆ ಏನೂ ಆಗುವುದಿಲ್ಲ, ಮಾತು ಸರಿಯಾಗಿರುತ್ತದೆ, ಕೈಗಳು ಬಹುಮಟ್ಟಿಗೆ ಕೆಲಸ ಮಾಡುತ್ತವೆ. ಹೆಚ್ಚಾಗಿ ಬಲಿಯಾಗುವವರು ದುಡಿಯುವ ವಯಸ್ಸಿನ ಗಂಡಸರು. ಸಾವು ತರುವ ರೋಗವಲ್ಲ, ಹೋದ ಕಾಲು ಮರಳುವುದೂ ಇಲ್ಲ. ಇಪ್ಪತ್ತೈದಕ್ಕೆ ಕೋಲು ಹಿಡಿದವನು ಎಪ್ಪತ್ತರವರೆಗೂ ಅದೇ ಕೋಲು ಹಿಡಿದಿರಬೇಕು. ಇದು ನಮ್ಮ ದೇಶಕ್ಕಷ್ಟೇ ಸೇರಿದ್ದೂ ಅಲ್ಲ. ಇಥಿಯೋಪಿಯ, ಬಾಂಗ್ಲಾದೇಶಗಳು ಇದನ್ನು ಕಂಡಿವೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ವಾಪ್ನಿಯಾರ್ಕಾ ಎಂಬ ಸೆರೆಶಿಬಿರದಲ್ಲಿ ಯಹೂದಿ ಕೈದಿಗಳಿಗೆ ಇದೇ ಕಾಳನ್ನು ಬೇಯಿಸಿ ಹಾಕಿದರು. ನೂರಾರು ಜನರ ಕಾಲು ಹೋಯಿತು. ಕೈದಿಗಳಲ್ಲೇ ಒಬ್ಬರಾಗಿದ್ದ ವೈದ್ಯ ಆರ್ಥರ್ ಕೆಸ್ಲರ್ ಕಾರಣವನ್ನು ಗುರುತಿಸಿದರು.

ಕಾಳಿನೊಳಗಿನ ವಿಷ ಯಾವುದು? ಇದಕ್ಕೆ ಉತ್ತರ ಸಿಕ್ಕಿದ್ದು 1964ರಲ್ಲಿ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ ಮತ್ತು ಪಿ.ಎಸ್. ಶರ್ಮ ಆ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಉದ್ದನೆಯ ರಾಸಾಯನಿಕ ಹೆಸರನ್ನು ಮೊಟಕುಮಾಡಿ ಅದನ್ನು ಓಡಾಪ್ ಎನ್ನುತ್ತಾರೆ. ಅದೊಂದು ಅಮೈನೊ ಆಮ್ಲ, ಆದರೆ ನಮ್ಮ ಪ್ರೋಟೀನುಗಳಲ್ಲಿ ಬರುವ ಇಪ್ಪತ್ತರಲ್ಲಿ ಸೇರಿದ್ದಲ್ಲ. ಮಿದುಳಿನಲ್ಲಿ ಒಂದು ನರಕೋಶ ಇನ್ನೊಂದನ್ನು ಎಬ್ಬಿಸಲು ಬಳಸುವ ಗ್ಲುಟಮೇಟ್ ಎಂಬ ವಸ್ತುವಿನ ಹೋಲಿಕೆ ಅದಕ್ಕಿದೆ. ಗ್ಲುಟಮೇಟಿಗೆಂದು ಇಟ್ಟ ಜಾಗದಲ್ಲಿ ಓಡಾಪ್ ಹೋಗಿ ಕೂರುತ್ತದೆ, ನರಕೋಶ ಅತಿಯಾಗಿ ಕೆರಳುತ್ತದೆ.

ಇಷ್ಟು ಗೊತ್ತಾದ ಮೇಲೂ ಒಂದು ಪ್ರಶ್ನೆ ಉಳಿಯಿತು. ಕೆರಳಿದ ಕೋಶ ಸಾಯುವುದು ಹೇಗೆ? ಸಾಯುವ ಮುಂಚೆ, ಎಲ್ಲಕ್ಕಿಂತ ಮೊದಲು ಕೆಡುವುದು ಯಾವುದು? ಇವತ್ತಿನ ನನ್ನ ಮಾತೆಲ್ಲ ಆ ‘ಮೊದಲು’ ಎಂಬ ಪದದ ಸುತ್ತಲೇ ಇದೆ. ಯಾಕೆಂದರೆ ಸತ್ತ ನರಕೋಶವನ್ನು ಬದುಕಿಸುವ ವಿದ್ಯೆ ನಮ್ಮಲ್ಲಿಲ್ಲ. ಸಾವಿಗೆ ಮುಂಚಿನ ಗಳಿಗೆಯಲ್ಲಿ ಏನು ನಡೆಯುತ್ತದೆ ಎಂದು ತಿಳಿದರೆ, ಅಲ್ಲಿ ಕೈಹಾಕಲು ಒಂದು ದಾರಿ ಇದ್ದೀತು.

ಈ ಪ್ರಶ್ನೆಯನ್ನು ಬೆನ್ನುಹತ್ತಿದವರು ವಿಜಯಲಕ್ಷ್ಮಿ ರವೀಂದ್ರನಾಥ್. ಮೈಸೂರು ವಿಶ್ವವಿದ್ಯಾನಿಲಯದಿಂದ 1981ರಲ್ಲಿ ಪಿಎಚ್.ಡಿ. ಪಡೆದವರು. ಅವರ ಮೊದಮೊದಲ ಪ್ರಬಂಧಗಳು ಅರಿಶಿನದ ಕರ್ಕ್ಯುಮಿನ್ ದೇಹಕ್ಕೆ ಎಷ್ಟು ಹೀರಿಕೆಯಾಗುತ್ತದೆ ಎಂಬುದರ ಬಗ್ಗೆ. ಅರಿಶಿನದಿಂದ ಬೇಳೆಗೆ, ಬೇಳೆಯಿಂದ ಮಿದುಳಿಗೆ ಸಾಗಿದ ದಾರಿ ಇದು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದರು, 2000ದಲ್ಲಿ ಹರಿಯಾಣದ ಮಾನೇಸರದಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವನ್ನು ಕಟ್ಟಲು ಹೋದರು, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. 1996ರ ಭಟ್ನಾಗರ್ ಪ್ರಶಸ್ತಿ, 2010ರ ಪದ್ಮಶ್ರೀ ಇವೆಲ್ಲ ದಾಖಲೆಯಲ್ಲಿವೆ. ನನಗೆ ಮುಖ್ಯವಾಗಿ ಕಂಡಿರುವುದು ಬೇರೆ. ಪ್ರಪಂಚದ ಪ್ರಯೋಗಾಲಯಗಳು ಪಾರ್ಕಿನ್ಸನ್, ಆಲ್ಜೈಮರ್ ಎಂದು ಶ್ರೀಮಂತ ದೇಶಗಳ ಕಾಯಿಲೆಗಳ ಕಡೆ ಮುಖಮಾಡಿದ್ದಾಗ, ಮಧ್ಯಭಾರತದ ಕೂಲಿಕಾರನ ಕಾಯಿಲೆಯಲ್ಲೂ ಮಿದುಳಿನ ಮೂಲಭೂತ ಪ್ರಶ್ನೆ ಅಡಗಿದೆ ಎಂದು ಅವರು ನಂಬಿದರು, ಆ ನಂಬಿಕೆಯನ್ನು ಹತ್ತಾರು ವರ್ಷ ಬಿಡದೆ ಪರೀಕ್ಷೆಗೊಡ್ಡಿದರು.

ಅವರ ಕೆಲಸ ಅರ್ಥವಾಗಬೇಕಾದರೆ ಮೈಟೋಕಾಂಡ್ರಿಯದ ಒಳಗೆ ಒಮ್ಮೆ ಇಣುಕಬೇಕು. 1898ರಲ್ಲಿ ಕಾರ್ಲ್ ಬೆಂಡಾ ಈ ಹೆಸರಿಟ್ಟ. ಗ್ರೀಕಿನಲ್ಲಿ ‘ಮೈಟೋಸ್’ ಎಂದರೆ ದಾರ, ‘ಕಾಂಡ್ರೋಸ್’ ಎಂದರೆ ಕಾಳು. ಪಠ್ಯಪುಸ್ತಕದಲ್ಲಿ ಇದನ್ನು ಜೀವಕೋಶದ ಶಕ್ತಿಕೇಂದ್ರ ಎಂದು ಬರೆದು ಮುಂದೆ ಹೋಗುತ್ತೇವೆ. ನಾನೂ ಹಾಗೆ ಪಾಠ ಮಾಡಿದವನೇ. ಆದರೆ ಶಿವನಸಮುದ್ರವನ್ನು ಕಂಡವರಿಗೆ ಇದನ್ನು ಇನ್ನೂ ಚೆನ್ನಾಗಿ ಹೇಳಬಹುದು. 1902ರಲ್ಲಿ ಅಲ್ಲಿ ಮೇಲಿನಿಂದ ಧುಮುಕಿದ ಕಾವೇರಿಯ ನೀರು ಚಕ್ರ ತಿರುಗಿಸಿ, ಹುಟ್ಟಿದ ವಿದ್ಯುತ್ತು ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಯವರೆಗೆ ಹೋಯಿತಲ್ಲ, ಮೈಟೋಕಾಂಡ್ರಿಯದಲ್ಲಿ ನಡೆಯುವುದು ಹೆಚ್ಚುಕಡಿಮೆ ಅದೇ. ವ್ಯತ್ಯಾಸವೆಂದರೆ ಇಲ್ಲಿ ನೀರನ್ನು ಮೊದಲು ಮೇಲಕ್ಕೆ ಎತ್ತಬೇಕು. ನಾವು ಉಂಡ ಅನ್ನದಿಂದ ಬಿಡಿಸಿಕೊಂಡ ಎಲೆಕ್ಟ್ರಾನುಗಳು ಒಳಪೊರೆಯಲ್ಲಿ ಸಾಲಾಗಿ ನಿಂತ ಪ್ರೋಟೀನುಗಳ ಕೈಯಿಂದ ಕೈಗೆ ದಾಟುತ್ತಾ ಹೋಗಿ ಕೊನೆಗೆ ನಾವು ಉಸಿರಾಡಿದ ಆಮ್ಲಜನಕವನ್ನು ಸೇರುತ್ತವೆ. ಆ ದಾಟುವಿಕೆಯ ಬಲದಲ್ಲಿ ಪ್ರೋಟಾನುಗಳು ಪೊರೆಯ ಆಚೆಗೆ ಎತ್ತಲ್ಪಟ್ಟು, ಅಣೆಕಟ್ಟಿನ ಹಿಂದಿನ ನೀರಿನಂತೆ ಶೇಖರವಾಗುತ್ತವೆ. ಅವು ಮರಳಿ ಇಳಿಯುವ ದಾರಿಯಲ್ಲಿ ನಿಜವಾಗಿಯೂ ಸುತ್ತುವ ಒಂದು ಪ್ರೋಟೀನು ಚಕ್ರ ಇದೆ. ಆ ಸುತ್ತಾಟದಲ್ಲಿ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ತಯಾರಾಗುತ್ತದೆ.

ಈ ಸಾಲಿನಲ್ಲಿ ಮೊದಲು ನಿಂತಿರುವುದು, ಎಲ್ಲಕ್ಕಿಂತ ದೊಡ್ಡದು, ಕಾಂಪ್ಲೆಕ್ಸ್-1. ಸುಮಾರು 45 ಪ್ರೋಟೀನುಗಳು ಕೂಡಿಕೊಂಡ ಯಂತ್ರ. ಅವುಗಳಲ್ಲಿ 7ಕ್ಕೆ ಬೇಕಾದ ಬರಹ ಮೈಟೋಕಾಂಡ್ರಿಯದ ಸ್ವಂತ ಡಿಎನ್‌ಎಯಲ್ಲಿದೆ, ಅದು ನಮಗೆಲ್ಲ ತಾಯಿಯಿಂದಷ್ಟೇ ಬಂದದ್ದು. ಉಳಿದವಕ್ಕೆಲ್ಲ ಬರಹ ಕೋಶಕೇಂದ್ರದಲ್ಲಿದೆ. ಹೆಬ್ಬಾಗಿಲಿನಂತೆ ಇರುವ ಈ ಕಾಂಪ್ಲೆಕ್ಸ್-1 ಕೆಟ್ಟರೆ ಹಿಂದಿನ ಸಾಲು ಸೊರಗುತ್ತದೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ಶೇಕಡ 2. ದೇಹ ವಿಶ್ರಾಂತಿಯಲ್ಲಿದ್ದಾಗ ಖರ್ಚಾಗುವ ಶಕ್ತಿಯಲ್ಲಿ ಅದರ ಪಾಲು ಶೇಕಡ 20. ಅದರಲ್ಲೂ ಚಲನೆಯ ನರಕೋಶಗಳನ್ನು ನೆನೆಯಿರಿ. ನೆತ್ತಿಯ ಹತ್ತಿರ ಹುಟ್ಟಿದ ಒಂದೇ ಕೋಶದ ಎಳೆ ಬೆನ್ನುಹುರಿಯುದ್ದಕ್ಕೂ ಇಳಿದು ಸೊಂಟದ ಮಟ್ಟಕ್ಕೆ ಬಂದು ಮುಟ್ಟುತ್ತದೆ. ನಮ್ಮ ನೀರಾವರಿ ಸೀಮೆಗಳಲ್ಲಿ ಕಾಲುವೆಯ ಕೊನೆಭಾಗದ ರೈತ ಎಂಬ ಮಾತಿದೆ. ಅಣೆಕಟ್ಟಿನಲ್ಲಿ ನೀರು ಸ್ವಲ್ಪ ಕಡಿಮೆಯಾದರೂ ಮೊದಲು ಒಣಗುವುದು ಅವನ ಗದ್ದೆ. ಈ ಉದ್ದನೆಯ ಎಳೆಗಳನ್ನು ನೆನೆದಾಗಲೆಲ್ಲ ನನಗೆ ಆ ರೈತನ ನೆನಪಾಗುತ್ತದೆ.

ಕಾಂಪ್ಲೆಕ್ಸ್-1 ಮತ್ತು ನರರೋಗಕ್ಕೆ ನಂಟಿದೆ ಎಂಬುದನ್ನು ಲೋಕ ಕಂಡದ್ದು ಒಂದು ದುರಂತದಲ್ಲಿ. 1982ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ಸುತ್ತಮುತ್ತ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಕಲ್ಲಿನಂತೆ ಮರಗಟ್ಟಿ ಆಸ್ಪತ್ರೆಗೆ ಬಂದರು. ವಯಸ್ಸಾದವರಲ್ಲಿ ವರ್ಷಗಟ್ಟಲೆ ನಿಧಾನವಾಗಿ ಬರುವ ಪಾರ್ಕಿನ್ಸನ್ ಲಕ್ಷಣಗಳು ಇವರಲ್ಲಿ ಕೆಲವೇ ದಿನಗಳಲ್ಲಿ ಬಂದಿದ್ದವು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ವೈದ್ಯರು ಕಾರಣ ಹುಡುಕಿದರು. ಕಳ್ಳತನದಲ್ಲಿ ತಯಾರಿಸಿದ ಕೃತಕ ಹೆರಾಯಿನ್‌ನಲ್ಲಿ ಎಂಪಿಟಿಪಿ ಎಂಬ ಕಲ್ಮಶ ಸೇರಿಕೊಂಡಿತ್ತು. ಅದು ಮಿದುಳಿನೊಳಗೆ ಬೇರೆ ರೂಪ ತಾಳಿ, ಡೋಪಮಿನ್ ಎಂಬ ನರವಾಹಕವನ್ನು ತಯಾರಿಸುವ ಕೋಶಗಳನ್ನು ಹೊಕ್ಕು, ಅಲ್ಲಿಯ ಕಾಂಪ್ಲೆಕ್ಸ್-1ನ್ನು ತಡೆಯುತ್ತದೆ ಎಂದು ಮುಂದೆ ತಿಳಿಯಿತು. 1989ರಲ್ಲಿ ಲಂಡನ್ನಿನ ಆಂಥನಿ ಶಪೀರ ಮತ್ತು ಸಂಗಡಿಗರು ಯಾವ ಮಾದಕವನ್ನೂ ಮುಟ್ಟದ, ಸಾಮಾನ್ಯ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಕಾಂಪ್ಲೆಕ್ಸ್-1 ಕುಗ್ಗಿರುವುದನ್ನು ತೋರಿಸಿದರು.

ಈಗ ಬೇಳೆಗೆ ಮರಳೋಣ. 1993ರಲ್ಲಿ ಕೆ.ಎಸ್. ಪೈ ಮತ್ತು ರವೀಂದ್ರನಾಥ್ ಒಂದು ಪ್ರಬಂಧ ಪ್ರಕಟಿಸಿದರು. ಕೇಸರಿ ಬೇಳೆಯ ವಿಷ ಮಿದುಳಿನ ಮೈಟೋಕಾಂಡ್ರಿಯದಲ್ಲಿ ಆರಿಸಿಕೊಂಡು ಕೆಡಿಸುವುದು ಅದೇ ಕಾಂಪ್ಲೆಕ್ಸ್-1ನ್ನು! ಕ್ಯಾಲಿಫೋರ್ನಿಯದ ಬೀದಿಯ ಮಾದಕವೂ ಮಧ್ಯಭಾರತದ ಹೊಲದ ಕಾಳೂ ಒಂದೇ ಬಾಗಿಲನ್ನು ಬಡಿದಿದ್ದವು.

1998ರಲ್ಲಿ ಕೆ. ಶ್ರೀರಾಮ್, ನಿಮ್ಹಾನ್ಸ್‌ನ ನರರೋಗಶಾಸ್ತ್ರಜ್ಞ ಎಸ್.ಕೆ. ಶಂಕರ್ ಮೊದಲಾದವರೊಂದಿಗೆ ರವೀಂದ್ರನಾಥ್ ಬರೆದ ಪ್ರಬಂಧ ನನ್ನ ಮಟ್ಟಿಗೆ ಈ ಸರಣಿಯ ಹೃದಯ. ಗಂಡು ಇಲಿಗಳಿಗೆ ಈ ವಿಷವನ್ನು ಕೊಟ್ಟಾಗ ಕಾಂಪ್ಲೆಕ್ಸ್-1 ಕುಗ್ಗಿದ್ದು ಮಿದುಳಿನ ಚಲನ ಭಾಗದಲ್ಲಿ ಮತ್ತು ಬೆನ್ನುಹುರಿಯ ಸೊಂಟದ ಭಾಗದಲ್ಲಿ. ಮನುಷ್ಯನಲ್ಲಿ ರೋಗ ಹಿಡಿಯುವುದೂ ಅಲ್ಲೇ. ಅದೇ ವಿಷದ ಕನ್ನಡಿ ಬಿಂಬದಂಥ ಅಣುವನ್ನು, ಎಂದರೆ ಎಡಗೈಗೆ ಬಲಗೈ ಇದ್ದಂತೆ ಇರುವ ರೂಪವನ್ನು ಕೊಟ್ಟರೆ ಏನೂ ಆಗಲಿಲ್ಲ. ಇನ್ನು ಮುಖ್ಯವಾದದ್ದು, ಕಾಂಪ್ಲೆಕ್ಸ್-1 ಸೋತದ್ದು ಮೊದಲು. ನರಕೋಶಗಳು ಊದಿಕೊಂಡು ಹಾಳಾದದ್ದು ಆಮೇಲೆ.

ಸೋತದ್ದು ಹೇಗೆ? ಪ್ರೋಟೀನುಗಳ ಮೈಮೇಲೆ ಅಲ್ಲಲ್ಲಿ ಗಂಧಕ ಮತ್ತು ಜಲಜನಕ ಜೊತೆಯಾದ ಗುಂಪುಗಳಿರುತ್ತವೆ, ಥಯಾಲ್ ಎನ್ನುತ್ತೇವೆ. ವಿಷದ ಹಾವಳಿಯಲ್ಲಿ ಆಮ್ಲಜನಕದ ಪುಂಡ ರೂಪಗಳು ಹೆಚ್ಚಾದಾಗ ಪಕ್ಕಪಕ್ಕದ ಎರಡು ಗಂಧಕಗಳು ತಮ್ಮ ಜಲಜನಕವನ್ನು ಕಳೆದುಕೊಂಡು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಂತೆ. ಯಂತ್ರ ಅಲ್ಲೇ ಇದೆ, ಬಿಡಿಭಾಗ ಯಾವುದೂ ಕಳಚಿಲ್ಲ, ಆದರೆ ಕೆಲಸ ನಿಂತಿದೆ. ಕೋಶದಲ್ಲಿ ಸದಾ ಕಾವಲಿರುವ ಗ್ಲೂಟಾಥಯೋನ್ ಎಂಬ ರಕ್ಷಕ ವಸ್ತುವೂ ಅದೇ ಹೊತ್ತಿಗೆ ಖಾಲಿಯಾಗಿರುತ್ತದೆ. ಹೀಗೆ ಸೋತ ಕಾಂಪ್ಲೆಕ್ಸ್-1ಕ್ಕೆ ಗಂಧಕದ ಕೊಂಡಿ ಬಿಡಿಸುವ ಒಂದು ರಾಸಾಯನಿಕವನ್ನು ಹಾಕಿ ನೋಡಿದರು. ಚಿಲಕ ತೆರೆಯಿತು, ಕಿಣ್ವ ಮತ್ತೆ ಕೆಲಸಕ್ಕೆ ನಿಂತಿತು.

ಈ ಫಲಿತಾಂಶವನ್ನು ಮೊದಲ ಸಲ ಓದಿದಾಗ ನಾನು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ವಾಸಿಯಾಗದ ಕಾಯಿಲೆ ಎಂದು ಎಲ್ಲ ಪುಸ್ತಕಗಳೂ ಹೇಳುವ ರೋಗದ ಮೊದಲ ಪೆಟ್ಟು, ಸರಿಪಡಿಸಬಹುದಾದ ಪೆಟ್ಟಾಗಿತ್ತು. ಹಾಗಾದರೆ ಆ ಮೊದಲ ಪೆಟ್ಟಿಗೂ ಸಾವಿಗೂ ನಡುವೆ ಒಂದಿಷ್ಟು ಬಿಡುವಿದೆ.

ಆ ಬಿಡುವಿನಲ್ಲಿ ಕೋಶ ತಾನೇ ಏನು ಮಾಡಿಕೊಳ್ಳುತ್ತದೆ ಎಂಬುದು ಮುಂದಿನ ಪ್ರಶ್ನೆ. 2002ರ ಪ್ರಬಂಧದಲ್ಲಿ ಆರ್.ಎಸ್. ಕೆಂಚಪ್ಪ, ಲತಾ ದಿವಾಕರ್ ಮತ್ತು ಇತರರು ರವೀಂದ್ರನಾಥ್ ಅವರೊಂದಿಗೆ ಇದಕ್ಕೆ ಉತ್ತರ ಕೊಟ್ಟರು. ನಮ್ಮ ಕೋಶಗಳಲ್ಲಿ ಗ್ಲುಟಾರೆಡಾಕ್ಸಿನ್ ಎಂಬ ಪುಟ್ಟ ಪ್ರೋಟೀನಿದೆ. ಅದರ ಕಸುಬೇ ಇಂಥ ಚಿಲಕಗಳನ್ನು ತೆಗೆಯುವುದು. ಇಲಿಗೆ ಒಂದೇ ಒಂದು ಸಲ ವಿಷ ಕೊಟ್ಟ 30 ನಿಮಿಷದೊಳಗೆ ಈ ಪ್ರೋಟೀನನ್ನು ಹೆಚ್ಚು ತಯಾರಿಸಿ ಎಂಬ ಆದೇಶ ಹೊರಡುತ್ತದೆ. 1 ಗಂಟೆಯ ಹೊತ್ತಿಗೆ ಮಿದುಳಿನ ಚಲನ ಭಾಗದಲ್ಲಿ ಗ್ಲುಟಾರೆಡಾಕ್ಸಿನ್ ಹೆಚ್ಚುತ್ತದೆ, ಅದರೊಂದಿಗೇ ಕಾಂಪ್ಲೆಕ್ಸ್-1 ಚೇತರಿಸಿಕೊಳ್ಳುತ್ತದೆ. ಈ ಎರಡೂ ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲಾಗದು. ಅದನ್ನು ಬಲ್ಲ ಸಂಶೋಧಕರು ಗ್ಲುಟಾರೆಡಾಕ್ಸಿನ್ ತಯಾರಾಗದಂತೆ ತಡೆದು ನೋಡಿದರು. ಚೇತರಿಕೆ ನಿಂತುಹೋಯಿತು, ಬೆನ್ನುಹುರಿಯ ಸೊಂಟದ ಭಾಗದಲ್ಲಿ ಹಾನಿ ಇನ್ನೂ ಹೆಚ್ಚಿತು. ಮರುವರ್ಷ ಎಂಪಿಟಿಪಿ ಕೊಟ್ಟ ಇಲಿಗಳಲ್ಲೂ ಇದೇ ಕತೆ ಎಂದು ತೋರಿಸಿದರು. ಬೇಳೆಯಿಂದ ಕಲಿತ ಪಾಠ ಪಾರ್ಕಿನ್ಸನ್‌ಗೂ ದಾರಿ ತೋರಿಸಿತು.

ವಿದ್ಯಾರ್ಥಿ ಮಿತ್ರರು ಇದನ್ನು ಗಮನಿಸಬೇಕು. ಒಬ್ಬ ವಿಜ್ಞಾನಿಯ ಹೆಸರಿನಲ್ಲಿ ಹೇಳುವ ಇಂಥ ಕತೆಗಳ ಹಿಂದೆ ರಾತ್ರಿ ಹಗಲು ಪ್ರಯೋಗಾಲಯದಲ್ಲಿ ನಿಂತವರ ಹೆಸರುಗಳಿರುತ್ತವೆ. ಪೈ, ಶ್ರೀರಾಮ್, ಕೆಂಚಪ್ಪ, ದಿವಾಕರ್ ಎಂದು ನಾನು ಬಿಡಿಸಿ ಹೇಳಿದ್ದು ಆ ಕಾರಣಕ್ಕೆ.

ಲ್ಯಾಥಿರಿಸಂಗೆ ಹೆಚ್ಚಾಗಿ ಬಲಿಯಾಗುವವರು ಗಂಡಸರು ಎಂದೆನಲ್ಲ, ಪಾರ್ಕಿನ್ಸನ್ ಕೂಡ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಗಂಡಸರು ಹೆಚ್ಚು ಉಣ್ಣುತ್ತಾರೆ, ಹೆಚ್ಚು ದುಡಿಯುತ್ತಾರೆ ಎಂಬ ವಿವರಣೆಗಳು ಮೊದಲಿನಿಂದ ಇದ್ದವು. ಹಳ್ಳಿಯ ಹೆಂಗಸರ ದುಡಿಮೆಯನ್ನು ಕಂಡ ಯಾರೂ ಆ ಎರಡನೆಯ ವಿವರಣೆಯನ್ನು ಒಪ್ಪಲಾರರು. ರವೀಂದ್ರನಾಥ್ ಅವರ ಪ್ರಯೋಗಾಲಯದಲ್ಲಿ ಹೆಣ್ಣು ಇಲಿಗಳು ಈ ವಿಷಗಳನ್ನು ತಡೆದುಕೊಂಡವು. ಅವುಗಳ ಮಿದುಳಿನಲ್ಲಿ ಗ್ಲುಟಾರೆಡಾಕ್ಸಿನ್ ಮೊದಲೇ ಹೆಚ್ಚಾಗಿತ್ತು, ಚಿಲಕ ಬೀಳುವ ಮುಂಚೆಯೇ ತೆಗೆಯುವವರು ಬಾಗಿಲಲ್ಲಿ ನಿಂತಿದ್ದರು. ಈಸ್ಟ್ರೋಜನ್ ಹಾರ್ಮೋನಿನ ಕೆಲಸವನ್ನು ಔಷಧದಿಂದ ತಡೆದಾಗ ಗ್ಲುಟಾರೆಡಾಕ್ಸಿನ್ ಇಳಿಯಿತು, ಹೆಣ್ಣು ಇಲಿಗಳ ಕಾಂಪ್ಲೆಕ್ಸ್-1 ಕೂಡ ಗಂಡು ಇಲಿಗಳದರಂತೆ ಸೋತಿತು. ಬಹಳ ಕಾಲ ಪ್ರಯೋಗಾಲಯಗಳು ಗಂಡು ಇಲಿಗಳನ್ನಷ್ಟೇ ಬಳಸುತ್ತಿದ್ದವು, ಹೆಣ್ಣಿನ ಹಾರ್ಮೋನು ಚಕ್ರದಿಂದ ಲೆಕ್ಕ ಕದಡುತ್ತದೆ ಎಂಬ ನೆಪದಲ್ಲಿ. ಆ ‘ಕದಡು’ ಎಂದುಕೊಂಡದ್ದರಲ್ಲೇ ರಕ್ಷಣೆಯ ಗುಟ್ಟಿತ್ತು.

ಇಂಥ ಉಪನ್ಯಾಸ ಮುಗಿದ ಮೇಲೆ ಯಾರಾದರೂ ಬಂದು, ಸಾರ್, ಹಾಗಾದರೆ ಯಾವ ಮಾತ್ರೆ ತೆಗೆದುಕೊಳ್ಳಬೇಕು ಎಂದು ಕೇಳುತ್ತಾರೆ. ಮನೆಯಲ್ಲಿ ಕೈನಡುಗುವ ಅಪ್ಪನೋ ಅತ್ತೆಯೋ ಇರುತ್ತಾರೆ, ಆ ಪ್ರಶ್ನೆಯ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಆಲ್ಫಾ ಲಿಪೋಯಿಕ್ ಆಮ್ಲ ಎಂಬ ಗಂಧಕಯುಕ್ತ ವಸ್ತುವನ್ನು ಮೊದಲೇ ಕೊಟ್ಟಿದ್ದ ಇಲಿಗಳಲ್ಲಿ ಓಡಾಪ್ ಕಾಂಪ್ಲೆಕ್ಸ್-1ನ್ನು ಕೆಡಿಸಲಿಲ್ಲ ಎಂಬುದು ನಿಜ. ಆದರೆ ಅದು ಇಲಿ, ಅದೂ ವಿಷಕ್ಕೆ ಮುಂಚೆ ಕೊಟ್ಟದ್ದು. ಮನುಷ್ಯನಲ್ಲಿ ಪಾರ್ಕಿನ್ಸನ್ ಗೊತ್ತಾಗುವ ಹೊತ್ತಿಗೆ ಡೋಪಮಿನ್ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ಅಂಗಡಿಯ ಕಪಾಟಿನ ಡಬ್ಬಿಯನ್ನು ನೋಡಿ, ವೈದ್ಯರು ಕೊಟ್ಟ ಔಷಧ ಬಿಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಆದ್ದರಿಂದಲೇ ಕಾಯಿಲೆ ಕಾಣಿಸಿಕೊಳ್ಳುವ ಮುಂಚಿನ ವರ್ಷಗಳನ್ನು ನೋಡಬೇಕು. ರವೀಂದ್ರನಾಥ್ ಕಟ್ಟಿದ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ದೊಡ್ಡ ಅಧ್ಯಯನ ನಡೆಸುತ್ತಿದೆ. 45 ದಾಟಿದ 10,000 ಮಂದಿಯನ್ನು ವರ್ಷವರ್ಷವೂ ಕಂಡು, ಅವರ ನೆನಪು, ನಡಿಗೆ, ರಕ್ತ, ಮಿದುಳಿನ ಚಿತ್ರ ಎಲ್ಲವನ್ನೂ ದಾಖಲಿಸುವ ಗುರಿ ಅದಕ್ಕಿದೆ. ಮಾವಿನ ತೋಪಿನ ಊರಿನ ಜನ ತಮ್ಮ ಮುಪ್ಪನ್ನೇ ವಿಜ್ಞಾನಕ್ಕೆ ಎರವಲು ಕೊಟ್ಟಿದ್ದಾರೆ. ನಿಮ್ಹಾನ್ಸ್‌ನ ಮಿದುಳು ಬ್ಯಾಂಕಿಗೆ ತಮ್ಮವರ ಮಿದುಳನ್ನು ಕೊಡಲು ಒಪ್ಪಿದ ಕುಟುಂಬಗಳನ್ನೂ ಇಲ್ಲಿ ನೆನೆಯುತ್ತೇನೆ.

ಕೊನೆಗೆ ಮತ್ತೆ ಬೇಳೆ. 1961ರಲ್ಲಿ ಕೇಸರಿ ಬೇಳೆಯ ಮಾರಾಟಕ್ಕೆ ನಿಷೇಧ ಬಂತು, ಆದರೆ ಬೆಳೆಯುವುದು ನಿಲ್ಲಲಿಲ್ಲ. ಓಡಾಪ್ ಕಡಿಮೆಯಿರುವ ರತನ್, ಪ್ರತೀಕ್, ಮಹಾತಿವಡಾ ತಳಿಗಳು ಬಂದಿವೆ. ನಿಷೇಧ ತೆಗೆಯಬೇಕೆಂಬ ಮಾತೂ ಆಗಾಗ ಏಳುತ್ತದೆ. ವೈವಿಧ್ಯದ ಊಟದ ನಡುವೆ ಸ್ವಲ್ಪ ತಿಂದರೆ ತೊಂದರೆಯಿಲ್ಲ ಎನ್ನುವ ವಾದದಲ್ಲಿ ಹುರುಳಿದೆ. ಆದರೆ ವೈವಿಧ್ಯದ ಊಟ ಇರುವವನಿಗೆ ಈ ರೋಗ ಎಂದೂ ಬಂದದ್ದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೂಲಿಯವನ ತಟ್ಟೆಗೆ ಬೇರೆ ಬೇಳೆ ತಲುಪುವ ವ್ಯವಸ್ಥೆ ಗಟ್ಟಿಯಾಗುವವರೆಗೆ ಈ ವಿಷಯದಲ್ಲಿ ಅವಸರ ಕೂಡದು.

ವಿಷವನ್ನು ತೆಗೆಯುವ ಸುಲಭ ಉಪಾಯವೂ ಒಂದಿದೆ, ಬಹಳ ಹಿಂದೆಯೇ ಗೊತ್ತಿರುವಂಥದ್ದು. ಓಡಾಪ್ ನೀರಿನಲ್ಲಿ ಕರಗುತ್ತದೆ. ಬೇಳೆಯನ್ನು ಧಾರಾಳ ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೆ ಹೊಸ ನೀರಿನಲ್ಲಿ ಬೇಯಿಸಿದರೆ ವಿಷದ ಬಹುಪಾಲು ಹೋಗುತ್ತದೆ. ಈ ಮಾತನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಒಂದು ವರ್ಷ ಹಿಂದಿನ ಬೆಂಚಿನಿಂದ ಎದ್ದ ಬಯಲುಸೀಮೆಯ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಅದನ್ನು ಬಿಟ್ಟು ಬೇರೇನೂ ಬೆಳೆಯದ ವರ್ಷ ಅಂತೀರಲ್ಲ, ಚೆಲ್ಲೋಕೆ ಅಷ್ಟು ನೀರು ಎಲ್ಲಿಂದ ತರ್ತಾರೆ? ಕಾಯಿಸೋಕೆ ಸೌದೆ?”

ಮುಂದಿನ ವರ್ಷದಿಂದ ನಾನು ಆ ಪಾಠವನ್ನು ಅವಳ ಪ್ರಶ್ನೆಯಿಂದಲೇ ಶುರು ಮಾಡುತ್ತಿದ್ದೆ.